ದುರ್ಬೀನು, ಬೈನಾಕ್ಯುಲರ್ ಮತ್ತು ‘ಕ್ಲಾಸಿಕ್’ ಮಾದರಿ: ಕರಾವಳಿಯ ಬಳಕೆ ಕುರಿತು ಕೆಲವು ಪ್ರಶ್ನೆಗಳು

ಬಳಗದ ಹಿರಿಯರಿಗೂ ಮಿತ್ರರಿಗೂ ಕಾರವಾರದಿಂದ ನಮಸ್ಕಾರ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಕ್ಕಿ ನೋಡುವ ಹವ್ಯಾಸಕ್ಕೆ ಹೊಸದಾಗಿ ಬರುತ್ತಿರುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಹಕ್ಕಿಗಳ ಹೆಸರು, ಗೂಡು, ವಲಸೆ ಇವುಗಳ ಬಗ್ಗೆ ಬರೆಯುವಾಗ ಪದಗಳಿಗೆ ಅಷ್ಟಾಗಿ ತೊಂದರೆಯಾಗಲಿಲ್ಲ. ಆದರೆ ಹಳೆಯ ಮಾದರಿಯಲ್ಲಿ, ಲೋಹ ಮತ್ತು ಗಾಜಿನ ಒಳ್ಳೆಯ ಕೆಲಸಗಾರಿಕೆಯಿಂದ ತಯಾರಾದ ಬೈನಾಕ್ಯುಲರೊಂದನ್ನು ಸ್ವಂತಕ್ಕೆ ಇಟ್ಟುಕೊಂಡು ಬಳಸುವುದರಲ್ಲಿ ಎಂಥ ಸಂತೋಷವಿದೆ ಎಂದು ವಿವರಿಸುವ ಅಧ್ಯಾಯಕ್ಕೆ ಬಂದಾಗ ಲೇಖನಿ ನಿಂತಿತು. ಆ ವಸ್ತುವಿನ ಹೆಸರಿನಿಂದ ಹಿಡಿದು ಅದು ಕಣ್ಣಿಗೆ ಕೊಡುವ ಅನುಭವದವರೆಗೆ ನಮ್ಮಲ್ಲಿ ನೆಲೆನಿಂತ ಪದಗಳು ಯಾವುವು, ಇಲ್ಲದ ಕಡೆ ಯಾವುದನ್ನು ಬಳಸಬಹುದು ಎಂಬುದನ್ನು ನಿಮ್ಮಲ್ಲಿ ಕೇಳುತ್ತಿದ್ದೇನೆ.

ಮೊದಲು ಹೆಸರು. ಕಾರವಾರದ ಕಡೆ ಕೊಂಕಣಿ ಮಾತಾಡುವವರು ‘ದುರ್ಬೀಣ’ ಎನ್ನುತ್ತಾರೆ. ಮರಾಠಿಯಲ್ಲಿಯೂ ಅದೇ ರೂಪವಿದೆ. ಕನ್ನಡದಲ್ಲಿ ‘ದುರ್ಬೀನು’. ಮೂಲ ಪಾರಸಿಯದು: ‘ದೂರ್’ ಎಂದರೆ ದೂರ, ‘ಬೀನ್’ ಎಂದರೆ ನೋಡುವಂಥದ್ದು. 1862ರಿಂದ 1956ರವರೆಗೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯ ಕಚೇರಿ ಮತ್ತು ಬಂದರಿನ ಮಾತಿನಲ್ಲಿ ಇಂಥ ಪದಗಳು ಹೇರಳವಾಗಿ ಉಳಿದಿವೆ. ತೊಡಕು ಏನೆಂದರೆ, ಈ ಪದ ನಮ್ಮಲ್ಲಿಗೆ ಬಂದ ಕಾಲಕ್ಕೆ ದೂರ ನೋಡುವ ಸಾಧನವೆಂದರೆ ಮುಖ್ಯವಾಗಿ ಒಂದೇ ನಳಿಗೆಯದು. ಇಟಲಿಯ ಇಗ್ನಾಜಿಯೊ ಪೊರೊ ತಲೆಕೆಳಗಾದ ಬಿಂಬವನ್ನು ಪಟ್ಟಕಗಳ (ಪ್ರಿಸಮ್‌ಗಳ) ಮೂಲಕ ನೆಟ್ಟಗೆ ಮಾಡುವ ಉಪಾಯಕ್ಕೆ ಹಕ್ಕುಪತ್ರ ಪಡೆದದ್ದು 1854ರಲ್ಲಿ. ಅದನ್ನು ಎರಡು ನಳಿಗೆಗಳಿಗೆ ಸಮರ್ಪಕವಾಗಿ ಅಳವಡಿಸಿ, ಜರ್ಮನಿಯ ಜೇನಾ ಊರಿನ ಝೈಸ್ ಕಾರ್ಖಾನೆಯಿಂದ ಅರ್ನ್‌ಸ್ಟ್ ಆಬೆ ಮಾರುಕಟ್ಟೆಗೆ ತಂದದ್ದು 1894ರಲ್ಲಿ. ಕಿಟ್ಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ಅಂದರೆ ಇಂದಿನ ಅರ್ಥದ ಬೈನಾಕ್ಯುಲರ್ ಹುಟ್ಟುವ ಹೊತ್ತಿಗೆ ದೂರ ನೋಡುವ ಕೊಳವೆಗೆ ಒಂದು ಹೆಸರು ಆಗಲೇ ರೂಢಿಯಲ್ಲಿತ್ತು. ಹೊಸ ವಸ್ತು ಬಂದು ಹಳೆಯ ಹೆಸರಿನಡಿ ಸೇರಿಕೊಂಡಿತು.

ಶಾಲೆಯ ಪುಸ್ತಕಗಳ ‘ದೂರದರ್ಶಕ’ ಎಂಬ ಪದ ಈಗ ಆಕಾಶ ನೋಡುವ ಟೆಲಿಸ್ಕೋಪಿಗೆ ಗಟ್ಟಿಯಾಗಿ ನಿಂತಿದೆ. ‘ದ್ವಿನೇತ್ರಿ’ ಎಂಬುದು ಬರಹದಲ್ಲಿ ಅಲ್ಲಲ್ಲಿ ಕಂಡರೂ ಅದನ್ನು ಬಾಯಲ್ಲಿ ಬಳಸಿದವರನ್ನು ನಾನು ಕೇಳಿಲ್ಲ. ಪೇಟೆಯ ಹುಡುಗರು ‘ಬೈನಾಕ್ಯುಲರ್’ ಎನ್ನುತ್ತಾರೆ, ಅದು ಎಲ್ಲರಿಗೂ ತಿಳಿಯುತ್ತದೆ. ನನ್ನ ಒಲವು ‘ದುರ್ಬೀನು’ ಕಡೆಗಿದೆ. ದೋಣಿಯವರಿಗೂ ಹಿರಿಯರಿಗೂ ಗೊತ್ತಿರುವ, ‘ದುರ್ಬೀನಿನಲ್ಲಿ’, ‘ದುರ್ಬೀನಿಗೆ’ ಎಂದು ಕನ್ನಡದ ವಿಭಕ್ತಿಗಳನ್ನು ಸಲೀಸಾಗಿ ಹಚ್ಚಿಕೊಳ್ಳುವ ಪದವಿರುವಾಗ ಅದನ್ನು ಬಿಟ್ಟುಕೊಡಲು ಕಾರಣ ಕಾಣುವುದಿಲ್ಲ. ಒಂಟಿ ನಳಿಗೆಯದನ್ನು ಬೇರೆಯಾಗಿ ಹೇಳಬೇಕಾದಲ್ಲಿ ‘ಒಂಟಿ ದುರ್ಬೀನು’ ಎಂದರಾಯಿತು.

ಇದಕ್ಕೆ ಸೇರಿದ ಸಣ್ಣ ಮಾತೊಂದು: ಇತ್ತೀಚಿನ ಜಾಹೀರಾತುಗಳಲ್ಲಿ ‘ಒಂದು ಜೋಡಿ ಬೈನಾಕ್ಯುಲರ್ಸ್’ ಎಂದು ಕಾಣುತ್ತಿದೆ. ಎರಡು ಗಾಜುಗಳಿರುವ ಕನ್ನಡಕವನ್ನು ನಾವು ಒಂದು ಕನ್ನಡಕವೆಂದೇ ಎಣಿಸುತ್ತೇವೆ. ದುರ್ಬೀನೂ ಒಂದೇ, ಒಂದು ಜೋಡಿ ಎಂದರೆ ಕನ್ನಡದ ಓದುಗ ಎರಡು ದುರ್ಬೀನುಗಳೆಂದು ತಿಳಿದಾನು.

ಇನ್ನು ನನ್ನನ್ನು ಹೆಚ್ಚು ಕಾಡಿರುವ ಪದ ‘ಕ್ಲಾಸಿಕ್’. ‘ಹಳೆಯ ಕಾಲದ’ ಎಂದು ಬರೆದರೆ ಬಳಸಿ ಬಿಟ್ಟ ವಸ್ತುವೆಂಬ ಭಾವ ಬರುತ್ತದೆ. ‘ಪುರಾತನ’ ಎಂದರೆ ವಸ್ತುಸಂಗ್ರಹಾಲಯದ್ದಾಗುತ್ತದೆ. ‘ಶಾಸ್ತ್ರೀಯ’, ‘ಅಭಿಜಾತ’ ಎಂಬ ಪದಗಳನ್ನು ಭಾಷೆಗೂ ಸಂಗೀತಕ್ಕೂ ಒಪ್ಪಿಸಿಬಿಟ್ಟಿದ್ದೇವೆ. ಇಲ್ಲಿ ಹೇಳಬೇಕಾದದ್ದು ವಯಸ್ಸಿನ ಮಾತಲ್ಲ. ಲೈಟ್ಜ್ ಕಂಪನಿ 1960ರ ದಶಕದಲ್ಲಿ ಹೊರತಂದ ಟ್ರಿನೋವಿಡ್ ದುರ್ಬೀನಿನ ತೆಳುವಾದ, ನೇರ ನಳಿಗೆಗಳ ರೂಪವನ್ನೇ ಅದರ ಉತ್ತರಾಧಿಕಾರಿಯಾದ ಲೈಕಾ ಇತ್ತೀಚಿನ ವರ್ಷಗಳಲ್ಲಿ ಮತ್ತೆ ತಯಾರಿಸಿ ಮಾರಿತು. ಆಸ್ಟ್ರಿಯಾದ ಸ್ವರೋವ್‌ಸ್ಕಿಯವರ ಹಬಿಖ್ತ್ ದುರ್ಬೀನು 1949ರಿಂದ ದಶಕಗಳ ಕಾಲ ಬಹುಮಟ್ಟಿಗೆ ಅದೇ ಮೈಕಟ್ಟಿನಲ್ಲಿ ಬಂದಿತು. ಜೇನಾದ 8×30 ಅಳತೆಯ ಡೆಲ್ಟ್ರಿಂಟೆಮ್ 1920ರಲ್ಲಿ ಹುಟ್ಟಿದ್ದು. ಅದರ ಹೊರರೂಪವನ್ನು ನೋಡಿದವರು ಇಂದಿಗೂ ದುರ್ಬೀನೆಂದರೆ ಹೀಗೇ ಇರಬೇಕು ಎನ್ನುತ್ತಾರೆ. ವಸ್ತು ನಿನ್ನೆ ತಯಾರಾದದ್ದಿರಬಹುದು, ರೂಪ ಮಾತ್ರ ಅನೇಕ ಕೈಗಳಲ್ಲಿ ಓಡಾಡಿ, ಬೇಡದ್ದನ್ನು ಕಳೆದುಕೊಂಡು ನಿಂತದ್ದು. ಈ ಅರ್ಥಕ್ಕೆ ‘ಪಳಗಿದ ಮಾದರಿ’ ಎಂದು ಬಳಸಲು ಯೋಚಿಸಿದ್ದೇನೆ. ‘ಪಳಗಿದ ಕೈ’ ಎನ್ನುವಾಗ ನಾವು ಮುಪ್ಪನ್ನು ಹೇಳುತ್ತಿಲ್ಲ, ರೂಢಿಯಿಂದ ಬಂದ ನೈಪುಣ್ಯವನ್ನು ಹೇಳುತ್ತೇವೆ. ‘ಪಳಗಿದ ಆನೆ’ ಎಂಬಲ್ಲಿಯ ಅರ್ಥ ಅಡ್ಡ ಬರುತ್ತದೆಂದು ಕೆಲವರಿಗೆ ಅನಿಸಬಹುದು; ನಿಮ್ಮ ಅಭಿಪ್ರಾಯ ಬೇಕು.

ಈ ಪಳಗಿದ ಮಾದರಿಯ ಸೊಗಸು ಎಲ್ಲಿದೆ ಎಂಬುದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪದ ಹುಡುಕುತ್ತಿರುವುದು ಅದಕ್ಕಾಗಿಯೇ. ಇಂದಿನ ಬಹುಪಾಲು ದುರ್ಬೀನುಗಳಿಗೆ ದಪ್ಪ ರಬ್ಬರಿನ ಕವಚವಿರುತ್ತದೆ. ಅದು ಮಳೆಗೂ ಪೆಟ್ಟಿಗೂ ಒಳ್ಳೆಯದೇ. ಹಳೆಯ ಮಾದರಿಯಲ್ಲಿ ಬೆರಳಿಗೆ ಸಿಗುವುದು ತರಿತರಿಯಾದ ತೆಳು ಹೊದಿಕೆ, ಅದರ ಅಂಚಿನಲ್ಲಿ ತಣ್ಣಗಿನ ಲೋಹ, ನಡುವೆ ಎರಡು ನಳಿಗೆಗಳನ್ನು ಹಿಡಿದ ಕೀಲು. ಆ ಕೀಲು ತಾನಾಗಿ ಜಾರದಷ್ಟು ಬಿಗಿಯಾಗಿಯೂ, ಕಣ್ಣುಗಳ ಅಂತರಕ್ಕೆ ಹೊಂದಿಸುವಾಗ ತಡೆಯದಷ್ಟು ನಯವಾಗಿಯೂ ಇರುತ್ತದೆ. ವರ್ಷಗಟ್ಟಲೆ ಬಳಸಿದಲ್ಲಿ ಕಪ್ಪು ಬಣ್ಣ ಸವೆದು ಅಡಿಯ ಹಿತ್ತಾಳೆ ಹೊಳೆಯತೊಡಗುತ್ತದೆ, ಮತ್ತು ಅದು ಹಿಡಿದವರ ಬೆರಳು ಕೂತ ಜಾಗಗಳಲ್ಲೇ ಹೊಳೆಯುತ್ತದೆ. ಶಿರಸಿ, ಕುಮಟಾಗಳ ಗುಡಿಗಾರರು ಗಂಧದ ಮರದ ಪೆಟ್ಟಿಗೆಗಳಿಗೆ ಮುಚ್ಚಳ ಕೂಡಿಸುವಾಗ ಹೀಗೆ ಬಿಗಿಯೂ ಅಲ್ಲದ ಸಡಿಲೂ ಅಲ್ಲದ ಕೂಡಿಕೆಗೆ ತಮ್ಮ ಕಸುಬಿನ ಮಾತಿನಲ್ಲಿ ಏನೆನ್ನುತ್ತಾರೆ ಎಂದು ಬಲ್ಲವರು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಪೊರೊ ಪದ್ಧತಿಯ ದುರ್ಬೀನಿನಲ್ಲಿ ಬೆಳಕು ಎರಡು ಪಟ್ಟಕಗಳೊಳಗೆ ಒಟ್ಟು ನಾಲ್ಕು ಬಾರಿ ತಿರುಗಿ ಬರುವುದರಿಂದ ನಳಿಗೆ ಅಂಕುಡೊಂಕಾಗಿ, ಮುಂದಿನ ಮಸೂರಗಳು ಕಣ್ಣುಗಳಿಗಿಂತ ದೂರ ದೂರ ಇರುತ್ತವೆ. ಇದಕ್ಕೆ ‘ಹೆಗಲುಳ್ಳ ದುರ್ಬೀನು’ ಎಂದೂ, ನೇರ ಕೊಳವೆಯ ಇನ್ನೊಂದು ಬಗೆಗೆ ‘ನೇರ ದುರ್ಬೀನು’ ಎಂದೂ ಬರೆದಿದ್ದೇನೆ. ಹೆಗಲುಳ್ಳದ್ದರಲ್ಲಿ ಮುಂದಿನ ಮಸೂರಗಳ ನಡುವಿನ ಆ ಅಂತರದಿಂದಾಗಿಯೇ ಹತ್ತಿರದ ಮತ್ತು ಮಧ್ಯದ ದೂರದ ವಸ್ತುಗಳು ಒಂದರ ಹಿಂದೆ ಒಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಗಾಳಿಮರದ ಮುಂದಿನ ಟೊಂಗೆ, ಅದರ ಹಿಂದೆ ಕೂತ ಬಿಳಿಹೊಟ್ಟೆಯ ಕಡಲ ಹದ್ದು, ಅದರಾಚೆಯ ಟೊಂಗೆ ಮೂರಕ್ಕೂ ಅವುಗಳದೇ ಜಾಗ ಸಿಗುತ್ತದೆ. ಈ ಗುಣಕ್ಕೆ ‘ಮೂರು ಆಯಾಮದ ನೋಟ’ ಎನ್ನುವುದು ಸಿನಿಮಾ ಜಾಹೀರಾತಿನ ಮಾತಾಯಿತು. ‘ನೋಟದ ಆಳ’ ಸಾಕೇ?

ದುರ್ಬೀನು ಮಾಡುವ ಕೆಲಸಕ್ಕೆ ಯಾವ ಕ್ರಿಯಾಪದ ಎಂಬುದೂ ಯೋಚಿಸತಕ್ಕದ್ದು. ಪುಸ್ತಕದ ಭಾಷೆ ‘ವರ್ಧಿಸುತ್ತದೆ’, ‘ಎಂಟು ಪಟ್ಟು ದೊಡ್ಡದಾಗಿಸುತ್ತದೆ’ ಎನ್ನುತ್ತದೆ. ಕಾರವಾರದ ಕಡಲತಡಿಯಲ್ಲಿ ನಿಂತು ದೇವಗಡ ದ್ವೀಪದ ಮೇಲೆ 1864ರಿಂದ ಬೆಳಗುತ್ತಿರುವ ದೀಪಸ್ತಂಭವನ್ನು ಯಾರಿಗಾದರೂ ಮೊದಲ ಸಲ ತೋರಿಸಿದರೆ ಅವರು ಹೇಳುವುದು ‘ಎಷ್ಟು ಹತ್ತಿರ ಕಾಣ್ತದೆ’ ಎಂದೇ. ‘ಎಷ್ಟು ದೊಡ್ಡದಾಯಿತು’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಮಾತೇ ನಿಖರವಾದದ್ದು. ದುರ್ಬೀನಿನ ಮೇಲಿನ 8 ಎಂಬ ಅಂಕಿಯ ಅರ್ಥ, 800 ಮೀಟರ್ ದೂರದ ವಸ್ತು 100 ಮೀಟರ್ ದೂರದಲ್ಲಿದ್ದರೆ ಕಣ್ಣಿಗೆ ಎಷ್ಟು ಕೋನದಲ್ಲಿ ತುಂಬುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ಕೋನದಲ್ಲಿ ತುಂಬುತ್ತದೆ ಎಂದು. ಆದ್ದರಿಂದ ಕೈಪಿಡಿಯಲ್ಲಿ ‘ಎಂಟು ಪಟ್ಟು ಹತ್ತಿರ ತರುವ ದುರ್ಬೀನು’ ಎಂದೇ ಬರೆಯುತ್ತೇನೆ.

8×30, 7×50 ಮುಂತಾದ ಗುರುತುಗಳನ್ನು ಓದುವ ಬಗೆಯಲ್ಲೂ ಗೊಂದಲವಿದೆ. ನಡುವಿನ ಚಿಹ್ನೆಯನ್ನು ಮಗ್ಗಿಯ ಅಭ್ಯಾಸದಿಂದ ಗುಣಾಕಾರವೆಂದು ತಿಳಿದು, 240 ಪಟ್ಟು ಎಂದು ಅಂಗಡಿಯವರೇ ಹೇಳುವುದುಂಟು. ಎರಡನೆಯ ಅಂಕಿ ಮುಂದಿನ ಮಸೂರದ ಅಗಲ, ಮಿಲಿಮೀಟರುಗಳಲ್ಲಿ. ‘ಎಂಟು ಮೂವತ್ತು’ ಎಂದು ಬಿಡಿಯಾಗಿ ಓದಬೇಕೆಂದು ಸೂಚಿಸುತ್ತೇನೆ.

ಇಲ್ಲಿ ಮಾಡುವ ಲೆಕ್ಕ ಗುಣಾಕಾರದ್ದಲ್ಲ, ಭಾಗಾಕಾರದ್ದು. 30ನ್ನು 8ರಿಂದ ಭಾಗಿಸಿದರೆ 3.75, ದುರ್ಬೀನನ್ನು ಕೈಚಾಚಿ ಹಿಡಿದು ಹಿಂಬದಿಯ ಗಾಜನ್ನು ನೋಡಿದರೆ ಕಾಣುವ ದುಂಡು ಬೆಳಕಿನ ಅಗಲ 3.75 ಮಿಲಿಮೀಟರ್. ಆ ಬೆಳಕು ನಮ್ಮ ಕಣ್ಣಿನ ಪಾಪೆಯೊಳಗೆ ಹೋಗಬೇಕು. ಹಗಲಿನಲ್ಲಿ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ, ಕತ್ತಲಲ್ಲಿ ಎಳೆಯರಿಗೆ ಏಳರವರೆಗೆ ಹಿಗ್ಗುತ್ತದೆ, ವಯಸ್ಸಾದಂತೆ ಅಷ್ಟು ಹಿಗ್ಗುವುದಿಲ್ಲ. ಹಡಗಿನವರ 7×50 ದುರ್ಬೀನು ಮುಸ್ಸಂಜೆಯಲ್ಲೂ ಕೈಬಿಡದಿರುವುದಕ್ಕೂ, ಅಲುಗುವ ದೋಣಿಯಲ್ಲೂ ನೋಟ ಬೇಗ ತಪ್ಪದಿರುವುದಕ್ಕೂ ಅದರ ಏಳು ಮಿಲಿಮೀಟರ್ ಅಗಲದ ಬೆಳಕಿನ ದುಂಡೇ ಕಾರಣ. ಪರಿಭಾಷೆಯ ಪುಸ್ತಕಗಳು ಇದನ್ನು ‘ನಿರ್ಗಮ ದ್ವಾರ’ ಎಂಬಂತೆ ಕರೆದಾವು. ನಾನು ‘ಬೆಳಕುಪಾಪೆ’ ಎಂದು ಬರೆದಿದ್ದೇನೆ: ಪಾಪೆಗೆ ಎದುರಾಗಿ ಪಾಪೆ. ಪಟ್ಟಕದ ಗಾಜು ಉತ್ತಮವಾಗಿದ್ದರೆ ಬೆಳಕುಪಾಪೆ ಪೂರ್ಣ ದುಂಡಗಿರುತ್ತದೆ, ಅಗ್ಗದ ಗಾಜಿನಲ್ಲಿ ಅದರ ಅಂಚುಗಳು ಮಸುಕಾಗಿ ಚೌಕಕ್ಕೆ ತಿರುಗುತ್ತವೆ. ಕೊಳ್ಳುವವರು ಅಂಗಡಿಯಲ್ಲೇ ಮಾಡಬಹುದಾದ ಈ ಪರೀಕ್ಷೆಯನ್ನು ಹೇಳಿಕೊಡಲು ಬಾಯಲ್ಲಿ ನಿಲ್ಲುವ ಪದ ಬೇಕೇಬೇಕು. ಒಮ್ಮೆಗೆ ಕಾಣುವ ದೃಶ್ಯದ ಅಗಲಕ್ಕೆ ‘ನೋಟದ ಹರವು’ ಎಂದಿದ್ದೇನೆ, ಇದಕ್ಕೆ ಆಕ್ಷೇಪವಿರಲಾರದು.

ದೃಶ್ಯವನ್ನು ಸ್ಪಷ್ಟಗೊಳಿಸುವ ಕ್ರಿಯೆಗೆ ‘ನಾಭೀಕರಿಸು’ ಎಂಬುದನ್ನು ನಾನು ಬಿಟ್ಟಿದ್ದೇನೆ. ‘ಹದ ಮಾಡು’ ಎಂಬುದೇ ಸರಿಯಾದ ಕನ್ನಡ. ಶಿರಸಿಯ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಹದಕ್ಕೆ ಬರುವ ಕ್ಷಣವನ್ನು ಬಲ್ಲವರಿಗೆ, ನಡುವಿನ ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಮಸುಕು ಒಮ್ಮೆಲೇ ಕಳೆದು ಗರಿಯ ಅಂಚು ಮೂಡುವುದನ್ನು ಬೇರೆ ವಿವರಿಸಬೇಕಿಲ್ಲ. ಮೊದಲು ಬಲಗಣ್ಣನ್ನು ಮುಚ್ಚಿ ಎಡಗಣ್ಣಿಗೆ ಗಾಲಿಯಿಂದ ಹದ ಮಾಡಿ, ಆಮೇಲೆ ಎಡಗಣ್ಣನ್ನು ಮುಚ್ಚಿ ಬಲಗಡೆಯ ಬಳೆಯನ್ನು ತಿರುಗಿಸಿ ಹೊಂದಿಸಿಕೊಳ್ಳುವ ಕ್ರಮವನ್ನು ಹೀಗೆ ಬರೆದಾಗ ಸೋಂದಾದ ಮುಂಡಿಗೆಕೆರೆಗೆ ಬರುವ ಶಾಲಾಮಕ್ಕಳಿಗೂ ತಿಳಿಯುತ್ತದೆ. ಮಳೆಗಾಲದಲ್ಲಿ ಅಲ್ಲಿ ಮುಂಡಿಗೆಯ ಪೊದೆಗಳ ಮೇಲೆ ಗೂಡು ಕಟ್ಟುವ ಬೆಳ್ಳಕ್ಕಿಗಳನ್ನು ದಡದಿಂದಲೇ, ಅವುಗಳಿಗೆ ತೊಂದರೆ ಕೊಡದೆ ನೋಡಬೇಕಾದರೆ ದುರ್ಬೀನು ಬೇಕು.

ಕೊನೆಯದು ದುರ್ಬೀನಿನ ಕಾಯಿಲೆಗಳ ಹೆಸರು. ನಮ್ಮ ಮಳೆಗಾಲದ ತೇವದಲ್ಲಿ ಗಾಜಿನ ಒಳಮೈಗೆ ಬಲೆಯಂಥ ಎಳೆಗಳು ಹಬ್ಬುತ್ತವೆ. ಅದು ‘ಬೂಷ್ಟು’, ಇನ್ನೊಂದು ಪದ ಬೇಡ. ಚರ್ಮದ ಪೆಟ್ಟಿಗೆ ನೋಡಲು ಚಂದವಾದರೂ ತೇವವನ್ನು ಹಿಡಿದಿಡುವುದರಿಂದ ಜೂನ್ ತಿಂಗಳಿಂದ ದುರ್ಬೀನನ್ನು ಅದರಿಂದ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಒಳ್ಳೆಯದು. ಬಿದ್ದು ಪೆಟ್ಟಾದಾಗ ಎರಡು ನಳಿಗೆಗಳು ಒಂದೇ ದಿಕ್ಕನ್ನು ನೋಡದೆ ದೃಶ್ಯ ಎರಡಾಗಿ ಕಂಡು ತಲೆನೋವು ತರುವುದಕ್ಕೆ ‘ಜೋಡಿ ತಪ್ಪಿದೆ’ ಎಂದು ಬರೆದಿದ್ದೇನೆ. ರಿಪೇರಿಯವರು ‘ಅಲೈನ್‌ಮೆಂಟ್ ಹೋಗಿದೆ’ ಎನ್ನುತ್ತಾರೆ. ಯಾವುದನ್ನು ಇಡುವುದು?

ಇದಲ್ಲದೆ ಹೊನ್ನಾವರ, ಭಟ್ಕಳ, ಅಂಕೋಲಾ ಕಡೆಯ ಸದಸ್ಯರಲ್ಲಿ ಪ್ರತ್ಯೇಕವಾಗಿ ಒಂದು ಕೋರಿಕೆ. ‘ದುರ್ಬೀನು ಹಾಕಿ ನೋಡು’, ‘ಹಿಡಿದು ನೋಡು’, ‘ಕಣ್ಣಿಗೆ ಹಚ್ಚಿ ನೋಡು’ ಈ ಮೂರನ್ನೂ ನಾನು ಕೇಳಿದ್ದೇನೆ. ನಿಮ್ಮಲ್ಲಿ ಯಾವುದು ಹೆಚ್ಚು ರೂಢಿ, ಮತ್ತು ಬೋಟು ನಡೆಸುವ ತಾಂಡೇಲರು ಮೀನಿನ ಹಿಂಡನ್ನೋ ಬೇರೆ ಬೋಟನ್ನೋ ಗುರುತಿಸುವಾಗ ಬಳಸುವ ಮಾತು ಬೇರೆಯೇ ಇದೆಯೇ? ಕೊಂಕಣಿಯದಾಗಲಿ ಭಟ್ಕಳದ ನವಾಯತರ ಮಾತಾದ ನವಾಯತಿಯದಾಗಲಿ, ಕೇಳಿದ ಹಾಗೆಯೇ ಬರೆದು ಕಳಿಸಿ. ಊರಿನ ಹೆಸರನ್ನೂ ಸೇರಿಸಿದರೆ ಕೈಪಿಡಿಯ ಪದಪಟ್ಟಿಯಲ್ಲಿ ಅದರ ಜೊತೆಗೇ ಅಚ್ಚು ಹಾಕಿಸುತ್ತೇನೆ.