ಹಿತವಾದ ಹವೆಯ ಊರನ್ನು ಆರಿಸುವುದು ಹೇಗೆ?

ಪ್ರಶ್ನೆ: ನಡುರಾತ್ರಿಯಲ್ಲೂ ಗೋಡೆ ಮುಟ್ಟಿದರೆ ಬಿಸಿ ತಾಗುವ ಈ ನಗರದ ಧಗೆಯಲ್ಲಿ ಅಮ್ಮನ ಆರೋಗ್ಯ ಕುಗ್ಗುತ್ತಿರುವುದರಿಂದ ಬೇರೆ ಊರಿಗೆ ಹೋಗಿ ನೆಲೆಸಬೇಕೆಂದಿದ್ದೇವೆ. ವಾರ್ಷಿಕ ಸರಾಸರಿ ಉಷ್ಣಾಂಶವನ್ನು ನೋಡಿ ನಿರ್ಧರಿಸಿದರೆ ಸಾಕೇ?

ಉತ್ತರ 1: ಖಂಡಿತ ಸಾಲದು. ಸುಡುವ ಬೇಸಿಗೆ, ಕೊರೆಯುವ ಚಳಿ ಎರಡೂ ಇರುವ ಊರಿನ ಸರಾಸರಿಯೂ ಹಿತವಾಗಿಯೇ ಕಾಣುತ್ತದೆ. ಆದ್ದರಿಂದ ತಿಂಗಳುವಾರು ಗರಿಷ್ಠ, ಕನಿಷ್ಠ ಉಷ್ಣಾಂಶಗಳನ್ನು ನೋಡಿ. ಆರ್ದ್ರತೆ ಹೆಚ್ಚಿದ್ದರೆ ಬೆವರು ಆರದೆ 30 ಡಿಗ್ರಿಯೂ ಅಸಹನೀಯವಾಗುತ್ತದೆ.

ಉತ್ತರ 2: ಎತ್ತರವನ್ನೂ ಗಮನಿಸಿ. ಪ್ರತಿ 1,000 ಮೀಟರಿಗೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುವುದರಿಂದಲೇ, ಸಮಭಾಜಕ ವೃತ್ತದ ಬಳಿಯಿದ್ದರೂ ಸುಮಾರು 2,850 ಮೀಟರ್ ಎತ್ತರದ ಕ್ವಿಟೊ ನಗರ (ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ರಾಜಧಾನಿ) ವರ್ಷವಿಡೀ ತಂಪಾಗಿರುತ್ತದೆ. ಆದರೆ ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಅಮ್ಮನ ವೈದ್ಯರನ್ನು ಮೊದಲು ಕೇಳಿ.

ಉತ್ತರ 3: ದಯವಿಟ್ಟು ಆ ಊರಿನ ಅತ್ಯಂತ ಕಠಿಣವಾದ ತಿಂಗಳಿನಲ್ಲೇ ಕೆಲವು ವಾರ ಇದ್ದು ನೋಡಿ.