ಗಾಜಿಗೂ ಸವಕಳಿ ಕಡಿತವೇ?

ಪ್ರಶ್ನೆ: ದೇವಿಮನೆ ಘಟ್ಟದ ತಿರುವಿನಲ್ಲಿ ಲಾರಿಯೊಂದು ಹಿಂದಕ್ಕೆ ಜಾರಿ ನನ್ನ ಕಾರಿನ ಬಂಪರ್, ಬಾನೆಟ್, ಮುಂದಿನ ಗಾಜು ಪುಡಿಯಾದವು. ಕಾರಿಗೆ ಮೂರೂವರೆ ವರ್ಷ. ವಿಮೆಗಾಗಿ ನಷ್ಟ ಅಂದಾಜಿಸುವ ಸರ್ವೇಯರ್ ಎಲ್ಲಕ್ಕೂ ಶೇ 50 ಸವಕಳಿ ಕಡಿತ (ಭಾಗಗಳು ಹಳೆಯವೆಂದು ಪರಿಹಾರದಲ್ಲಿ ಕಳೆಯುವ ಮೊತ್ತ) ಮಾಡಿದ್ದಾರೆ. ಕೇಳಿದರೆ ‘ನಿಯಮವೇ ಹಾಗೆ’ ಎನ್ನುತ್ತಾರೆ. ತಪ್ಪದೆ ಪ್ರೀಮಿಯಂ ಕಟ್ಟಿದವನಿಗೆ ಇದೆಂಥ ನ್ಯಾಯ?

ಉತ್ತರ: ಬಂಪರ್ ಪ್ಲಾಸ್ಟಿಕ್, ಅದಕ್ಕೆ ಶೇ 50 ಸರಿ. ಬಾನೆಟ್ ಲೋಹದ್ದು, ನಿಮ್ಮ ಕಾರಿನ ವಯಸ್ಸಿಗೆ ಶೇ 25 ಮಾತ್ರ. ಗಾಜಿಗೆ ಸವಕಳಿಯೇ ಇಲ್ಲ! ಸರ್ವೇ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ.

ಉತ್ತರ: ‘ಪೂರ್ಣ ಪರಿಹಾರ ಪಡೆದಿದ್ದೇನೆ’ ಎಂಬ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ. ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳಾದರೂ ಉತ್ತರ ಬಾರದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಡ.

ಪ್ರಶ್ನೆ ಕೇಳಿದವರು: ಉಪಕಾರವಾಯಿತು. ಗಾಜಿನ ಹಣವನ್ನಂತೂ ಬಿಡುವುದಿಲ್ಲ. ನಾಳೆಯೇ ದೂರು ಬರೆಯುತ್ತೇನೆ.