ಟಿವಿ ಆ್ಯಪ್‌ನ ಸೌಂಡ್ ಹೋಮ್ ಥಿಯೇಟರ್‌ಗೆ ಬರುತ್ತಿಲ್ಲ, ಯಾರಿಗಾದರೂ ಹೀಗಾಗಿತ್ತಾ?

ವಿಜಯನಗರದಿಂದ ಕೇಳಿದ್ದು:
ಸೆಟ್‌ಟಾಪ್ ಬಾಕ್ಸ್ ಹಾಕಿದರೆ ಹೋಮ್ ಥಿಯೇಟರ್‌ನಲ್ಲಿ ಸೌಂಡ್ ಚೆನ್ನಾಗಿ ಬರುತ್ತದೆ. ಟಿವಿಯೊಳಗಿನ ಯೂಟ್ಯೂಬ್ ಹಾಕಿದರೆ ಟಿವಿ ಸ್ಪೀಕರ್‌ನಲ್ಲಿ ಮಾತ್ರ. ಎಚ್‌ಡಿಎಂಐ ಕೇಬಲ್ ಎರಡು ಸಲ ಬದಲಾಯಿಸಿದೆ. ಬಂದು ನೋಡಿದ ಮೆಕ್ಯಾನಿಕ್ "ಬೋರ್ಡ್ ಹೋಗಿದೆ" ಅಂದರು. ಅನುಭವ ಇದ್ದವರು ಹೇಳಿ.

ಮಲ್ಲೇಶ್ವರದಿಂದ:
ಸಾರ್, ಈಗಲೇ ಬೋರ್ಡ್‌ಗೆ ದುಡ್ಡು ಕೊಡಬೇಡಿ. ನಿಮ್ಮ ಮಾತಿನಲ್ಲೇ ಸುಳಿವಿದೆ. ಬಾಕ್ಸ್‌ನ ಸೌಂಡ್ ನೇರವಾಗಿ ಥಿಯೇಟರ್‌ಗೆ ಹೋಗುತ್ತಿದೆ, ಟಿವಿಗೆ ಹೋಗಬೇಕಾದ್ದು ಬರೀ ಚಿತ್ರ. ಯೂಟ್ಯೂಬ್ ಇರುವುದು ಟಿವಿಯ ಹೊಟ್ಟೆಯಲ್ಲಿ. ಅದರ ಸೌಂಡ್ ಅದೇ ಕೇಬಲ್‌ನಲ್ಲಿ ಹಿಂದಕ್ಕೆ ಬರಬೇಕು. ಆ ವಾಪಸ್ ದಾರಿಗೇ ಎಆರ್‌ಸಿ ಅನ್ನುವುದು. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂತು. ಸಾಮಾನ್ಯವಾಗಿ ಟಿವಿಯ ಒಂದೇ ಒಂದು ಪೋರ್ಟ್‌ನಲ್ಲಿ ಇರುತ್ತದೆ.

ನಮ್ಮ ಮನೆಯಲ್ಲೂ ಇದೇ ಕಥೆ. ಟಿವಿ ಗೋಡೆಗೆ ಅಂಟಿಕೊಂಡಿದೆ, ಹಿಂದೆ ಎರಡು ಬೆರಳು ಹೋಗುವಷ್ಟು ಸಂದು. ಮೊಬೈಲ್ ಟಾರ್ಚ್ ಹಾಕಿ, ಆ ಸಂದಿನಲ್ಲಿ ತೂರಿಸಿ ವಿಡಿಯೋ ತೆಗೆದೆ. ನೋಡಿದರೆ ಎರಡನೇ ಪೋರ್ಟ್ ಮೇಲೆ ಎಆರ್‌ಸಿ ಎಂದು ಬರೆದಿದೆ, ಕೇಬಲ್ ಒಂದನೆಯದರಲ್ಲಿ! ಎಂಟು ತಿಂಗಳು ಸುಮ್ನೆ ಆ ಟಿವಿಯ ಬಡಕಲು ಸ್ಪೀಕರ್ ಕೇಳಿಕೊಂಡು ಕೂತಿದ್ದೆವು. ಥಿಯೇಟರ್ ಕಡೆಯೂ ನೋಡಿ, ಟಿವಿಯಿಂದ ಬಂದ ಕೇಬಲ್ 'ಔಟ್' ಅಂತ ಬರೆದ ಕಡೆ ಇರಬೇಕು, 'ಇನ್' ಅಲ್ಲ.

ಇಷ್ಟಾದ ಮೇಲೂ ಬರದಿದ್ದರೆ ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಆನ್ ಮಾಡಿ, ಅಂದರೆ ಟಿವಿ ಮತ್ತು ಥಿಯೇಟರ್ ಎಚ್‌ಡಿಎಂಐ ಕೇಬಲ್‌ನಲ್ಲೇ ಒಂದಕ್ಕೊಂದು ಮಾತಾಡುವ ವ್ಯವಸ್ಥೆ. ಆ ಹೆಸರಲ್ಲಿ ಹುಡುಕಿದರೆ ಸಿಗದೆ ಇರಬಹುದು. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಒಬ್ಬೊಬ್ಬರದು ಒಂದೊಂದು ನಾಮಕರಣ.

ಕೆಂಗೇರಿಯಿಂದ:
ನಮ್ಮಲ್ಲಿ ಪೋರ್ಟ್ ಸರಿ ಇತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಸೌಂಡ್ ಮಾಯ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಪ್ರಯೋಜನವಿಲ್ಲ, ಅದು ಬರೀ ತೂಕಡಿಕೆ. ಎಲ್ಲದರ ಪ್ಲಗ್ ಕಿತ್ತು ಐದು ನಿಮಿಷ ಬಿಡುತ್ತೇನೆ. ಮೊದಲು ಟಿವಿ, ಅದು ಪೂರ್ತಿ ಎದ್ದ ಮೇಲೆ ಥಿಯೇಟರ್. ಇದುವರೆಗೆ ಕೈಕೊಟ್ಟಿಲ್ಲ.

ಎಚ್‌ಎಸ್‌ಆರ್ ಲೇಔಟ್‌ನಿಂದ:
ಹಳೇ ಥಿಯೇಟರ್ ಆಗಿ ಎಆರ್‌ಸಿಯೇ ಇಲ್ಲದಿದ್ದರೆ ಆಪ್ಟಿಕಲ್ ಕೇಬಲ್ (ಸೌಂಡನ್ನು ಬೆಳಕಿನ ರೂಪದಲ್ಲಿ ಒಯ್ಯುವ ಕೇಬಲ್) ಸಾಕು. ಸುತ್ತಲಿಂದ ಕೇಳುವ ಡಾಲ್ಬಿ 5.1 ಬರುತ್ತದೆ, ತಲೆಯ ಮೇಲಿಂದಲೂ ಕೇಳಿಸುವ ಅಟ್ಮಾಸ್ ಆಸೆ ಬಿಡಿ. ನನ್ನ ಅವಮಾನವನ್ನೂ ಹೇಳಿಬಿಡುತ್ತೇನೆ. ಹೊಸ ಕೇಬಲ್ ತುದಿಗೆ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆಯೇ ಒತ್ತಿ ಒತ್ತಿ ನೋಡಿದೆ. ಹೆಂಡತಿ ಬಂದು ಟೋಪಿ ಕಿತ್ತಳು, ತುದಿಯಲ್ಲಿ ಕೆಂಪು ಬೆಳಕು ಕಂಡಿತು. ಆಮೇಲೂ ಸೌಂಡ್ ಇಲ್ಲ! ಟಿವಿಯ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂಗೆ (ಕುಗ್ಗಿಸದ ಸಾದಾ ಡಿಜಿಟಲ್ ಸೌಂಡ್) ಬದಲಾಯಿಸಿದ ಮೇಲೆ ಬಂತು. ಪಿಸಿಎಂನಲ್ಲಿ ಎರಡೇ ಚಾನೆಲ್, ಆದರೆ ತೊಂದರೆ ಎಲ್ಲಿದೆ ಅಂತ ತಿಳಿಯಲು ಅದೇ ಸುಲಭ.

ಜೆ.ಪಿ. ನಗರದಿಂದ:
ಕೇಬಲ್ ಗೋಡೆಯೊಳಗೆ ಉದ್ದಕ್ಕೆ ಓಡಿದ್ದರೆ ಅದನ್ನೂ ಅನುಮಾನಿಸಿ. ನಮ್ಮದು 10 ಮೀಟರ್, ಇಂಟೀರಿಯರ್‌ನವರು ಪೈಪ್‌ನಲ್ಲಿ ಹಾಕಿದ್ದು. 4ಕೆ ಹಾಕಿದರೆ ಪರದೆ ಕಪ್ಪು, 1080ಪಿಗೆ ಇಳಿಸಿದರೆ ಚಿತ್ರ ಸರಿ. ಎರಡು ಮೀಟರ್‌ನ ಕೇಬಲ್ ನೆಲದ ಮೇಲೆ ಎಳೆದು ನೋಡಿದಾಗ ಖಾತ್ರಿಯಾಯಿತು. ಎಸ್‌ಪಿ ರೋಡ್‌ನಲ್ಲಿ ಉದ್ದ ಕೇಬಲ್ ತರುವ ಮುಂಚೆ ಎಆರ್‌ಸಿ ಕೆಲಸ ಮಾಡುತ್ತಾ ಅಂತ ಕೇಳಿ.

ಕೇಳಿದವರಿಂದಲೇ:
ಮಲ್ಲೇಶ್ವರದ ಸಾರ್, ಕೇಬಲ್ ಮೂರನೇ ಪೋರ್ಟ್‌ನಲ್ಲಿತ್ತು! ಬದಲಾಯಿಸಿ ಸಿಂಪ್ಲಿಂಕ್ ಆನ್ ಮಾಡಿದೆ, ಯೂಟ್ಯೂಬ್ ಈಗ ಮನೆ ನಡುಗಿಸುತ್ತಿದೆ. ಒಂದೇ ಕಿರಿಕಿರಿ, ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ.

ಮಲ್ಲೇಶ್ವರದಿಂದ:
ಥಿಯೇಟರ್‌ನ ಆಡಿಯೋ ಡಿಲೇ ಸೊನ್ನೆಗೆ ತನ್ನಿ. ಟಿವಿಯಲ್ಲಿ ಪಾಸ್‌ಥ್ರೂ (ಸೌಂಡನ್ನು ಬದಲಾಯಿಸದೆ ಹಾಗೇ ಥಿಯೇಟರ್‌ಗೆ ದಾಟಿಸುವುದು) ಅಂತ ಇದ್ದರೆ ಅದನ್ನೂ ಹಾಕಿ ನೋಡಿ. ಮೂರನೇ ಕೇಬಲ್ ತರಲು ಹೋಗಬೇಡಿ.